ಗಯಾಸ್ ತುಂಬಿದ ಐದು ತೋಟಾ

ಗಯಾಸ್‌ಗೆ ಹೇಸಿಗೆ ಹುಟ್ಟಿಸುವುದು ಬಹಳ ಸುಲಭ. ಬಸ್ಸಿನಲ್ಲಿ ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು ಫೋನಿನಲ್ಲಿ ಕಿರುಚುವವನೊಬ್ಬ ಸಾಕು. ಅಳತೆಯ ಉಪಕರಣವನ್ನು ಒರೆಸದೆ ಪೆಟ್ಟಿಗೆಗೆ ಹಾಕುವ ಸಹೋದ್ಯೋಗಿ ಸಾಕು. ಸಾರಿನ ಸೌಟನ್ನು ಅನ್ನದ ಪಾತ್ರೆಗೆ ಅದ್ದಿದ ಅತಿಥಿಯನ್ನಂತೂ ಅವನು ಎರಡನೆಯ ಸಲ ಮನೆಗೆ ಕರೆದದ್ದೇ ಇಲ್ಲ. ಮುಖ ಕಿವುಚಿ, ಮೂಗಿನ ಹೊಳ್ಳೆ ಅಗಲಿಸಿ, "ಥೂ" ಎಂದನೆಂದರೆ ಆ ಮನುಷ್ಯನ ಕತೆ ಅವನ ಪಾಲಿಗೆ ಮುಗಿಯಿತು. ಹೆಂಡತಿ ನಾಜ್ನೀನ್ ಮದುವೆಯಾದ ಹೊಸದರಲ್ಲಿ ಇದನ್ನು ಶುಚಿತನ ಎಂದುಕೊಂಡಿದ್ದಳು. ಹದಿನೆಂಟು ವರ್ಷದ ಮೇಲೆ ಅವಳು ಅದಕ್ಕೆ ಬೇರೆ ಹೆಸರಿಟ್ಟಿದ್ದಳು, ಆದರೆ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಹೇಸಿಗೆ ಕೆಟ್ಟದಾಗಿ ಹೊಡೆದ ಬೇಟೆಯ ಮೇಲೆ. ಒಮ್ಮೆ ಪಕ್ಕದ ಬೀದಿಯ ಡಚ್ ಬೇಟೆಗಾರನೊಬ್ಬ ಪ್ರೀತಿಯಿಂದ ಜಿಂಕೆಯ ಮುಂಗಾಲಿನ ಮಾಂಸ ತಂದುಕೊಟ್ಟಿದ್ದ. ಗಯಾಸ್ ಅಡುಗೆಮನೆಯ ಸಿಂಕಿನಲ್ಲಿ ಪ್ಲಾಸ್ಟಿಕ್ ಬಿಚ್ಚಿ ನೋಡಿದರೆ ಅರ್ಧ ಭುಜ ಕಪ್ಪು ಹೆಪ್ಪುಗಟ್ಟಿದ ರಕ್ತದ ಲೋಳೆ. ಒಳಗೆ ಮೂಳೆಯ ಚೂರು, ಸೀಸದ ಪುಡಿ, ಮಾಂಸಕ್ಕೆ ಅಂಟಿದ ಕೂದಲು. ಬೆರಳಿಟ್ಟರೆ ಜಾರುತ್ತಿತ್ತು. ಅವನು ಅದನ್ನು ಹಾಗೇ ಕಟ್ಟಿ ಕಸದ ತೊಟ್ಟಿಗೆ ಹಾಕಿ, ಮೊಣಕೈವರೆಗೆ ಸೋಪು ಹಚ್ಚಿ ಮೂರು ಸಲ ತೊಳೆದ. "ಪ್ರಾಣಿ ಕೊಂದಿದ್ದಲ್ಲ ಇದು, ಕೆಡಿಸಿದ್ದು," ಎಂದ. ಅಂಗಡಿಯ ತೋಟಾ ತಂದು, ಅದು ತನ್ನ ರೈಫಲ್ಲಿಗೆ ಒಗ್ಗುತ್ತದೋ ಇಲ್ಲವೋ ನೋಡದೆ, ಶನಿವಾರ ಬೆಳಿಗ್ಗೆ ಕಾಡಿಗೆ ಹೊರಡುವ ಜನರ ಮೇಲೆ ಅವನಿಗಿದ್ದ ಅಸಹ್ಯಕ್ಕೆ ಮಿತಿ ಇರಲಿಲ್ಲ. ಅವನು ತನ್ನ ತೋಟಾಗಳನ್ನು ತಾನೇ ತುಂಬಿಕೊಳ್ಳುತ್ತಿದ್ದ.

ಗೌರಿಬಿದನೂರಿನ ಒಂದು ಗಲ್ಲಿಯಲ್ಲಿ ಅವನ ಅಬ್ಬಾ ತಕ್ಕಡಿ ರಿಪೇರಿ ಮಾಡುತ್ತಿದ್ದರು. ಅಕ್ಕಿ ರಾಗಿ ತೂಗುವ ತಕ್ಕಡಿಯಲ್ಲ, ಚಿನ್ನದಂಗಡಿಯವರ ಗಾಜಿನ ಪೆಟ್ಟಿಗೆಯ ತಕ್ಕಡಿ. ಅವುಗಳನ್ನು ಪರೀಕ್ಷೆ ಮಾಡಲು ಅಬ್ಬಾ ಒಂದು ಡಬ್ಬಿಯಲ್ಲಿ ಗುಲಗಂಜಿ ಇಟ್ಟುಕೊಂಡಿದ್ದರು. ತಕ್ಕಡಿ ಮುಂದೆ ಕೂತಾಗ ಮನೆಯಲ್ಲಿ ಯಾರೂ ಬಾಗಿಲು ತೆಗೆಯುವಂತಿರಲಿಲ್ಲ, ಗಾಳಿ ಬಂದೀತೆಂದು. ಗಯಾಸ್ ಡಿಪ್ಲೊಮಾ ಮುಗಿಸಿ, ಬೆಂಗಳೂರಿನ ಪೀಣ್ಯದ ಕಾರ್ಖಾನೆಯೊಂದರಲ್ಲಿ ಅಳತೆಯ ಕೋಣೆ ಸೇರಿ, ಅಲ್ಲಿಂದ ೨೦೦೯ರಲ್ಲಿ ಪರ್ಮಿಟ್ ಮೇಲೆ ಡಚ್ಚರ ನಾಡಿನ ವೆಲ್ಡ್‌ಹೋವನ್ನಿನ ಚಿಪ್ ಯಂತ್ರದ ಕಂಪನಿಗೆ ಬಂದ. ಅಲ್ಲಿಯೂ ಅಳತೆಯ ಕೆಲಸವೇ. ಕೂದಲಿನ ಸಾವಿರದಲ್ಲೊಂದು ಪಾಲಿನಷ್ಟು ತಪ್ಪನ್ನು ಹಿಡಿಯುವುದಕ್ಕೆ ಅವನಿಗೆ ಸಂಬಳ ಕೊಡುತ್ತಿದ್ದರು. ಹಾಗಾಗಿ ಮನುಷ್ಯರ ತಪ್ಪುಗಳು ಅವನ ಕಣ್ಣಿಗೆ ಬೆಟ್ಟದಷ್ಟು ದೊಡ್ಡದಾಗಿ ಕಾಣುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ.

ಬೇಟೆಗೆ ಅವನನ್ನು ಎಳೆದದ್ದು ತೋನ್ ಎಂಬ ಮುದುಕ. ಒಂದು ನವೆಂಬರ್ ಬೆಳಿಗ್ಗೆ ಗಯಾಸ್ ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುವಾಗ ವೆಸ್ಸಮ್ ರಸ್ತೆಯ ಬದಿಯಲ್ಲಿ ಕಾರಿಗೆ ಸಿಕ್ಕಿದ ಸಣ್ಣ ಜಿಂಕೆಯೊಂದು ಸೊಂಟ ಮುರಿದುಕೊಂಡು ಒದ್ದಾಡುತ್ತಿತ್ತು. ಪೊಲೀಸರು ಕರೆಸಿದ ಬೇಟೆಗಾರ ತೋನ್ ಚಾಕು ಹಿಡಿದು ಒಬ್ಬನೇ ಹೆಣಗುತ್ತಿದ್ದ. ಗಯಾಸ್ ಸೈಕಲ್ ಮಲಗಿಸಿ ಜಿಂಕೆಯ ಕಾಲು ಹಿಡಿದ. ಚಾಕು ಇಳಿಯುವಾಗ ಅವನ ಬಾಯಿಂದ ಅಭ್ಯಾಸಬಲದಿಂದ ಬಿಸ್ಮಿಲ್ಲಾ ಬಂತು. ಏನು ಹೇಳಿದೆ ಎಂದು ಮುದುಕ ಕೇಳಿದ. ಗಯಾಸ್ ಹೇಳಿದ. "ಒಳ್ಳೆಯದು. ನಮ್ಮಪ್ಪನೂ ಏನೋ ಹೇಳುತ್ತಿದ್ದ. ಈಗ ಯಾರೂ ಏನೂ ಹೇಳುವುದಿಲ್ಲ," ಎಂದು ತೋನ್ ಚಾಕುವನ್ನು ಹುಲ್ಲಿಗೆ ಒರೆಸಿದ.

ಆಮೇಲೆ ಗಯಾಸ್ ಡಚ್ಚಿನಲ್ಲಿ ಬೇಟೆ ಪರೀಕ್ಷೆ ಬರೆದು, ಒಮ್ಮೆ ಫೇಲಾಗಿ, ಮತ್ತೆ ಬರೆದು, ಲೈಸೆನ್ಸ್ ಪಡೆದ. ಪೊಲೀಸರು ಮನೆಗೆ ಬಂದು ಕಬ್ಬಿಣದ ಕಪಾಟು ಗೋಡೆಗೆ ಬೋಲ್ಟ್ ಆಗಿದೆಯೋ ಎಂದು ಅಲ್ಲಾಡಿಸಿ ನೋಡಿಹೋದರು. ಆದರೆ ಆ ದೇಶದಲ್ಲಿ ಲೈಸೆನ್ಸ್ ಒಂದಿದ್ದರೆ ಸಾಲದು, ಬೇಟೆಯಾಡಲು ನೆಲವೂ ಬೇಕು. ರೈತರಿಂದ ಬೇಟೆಯ ಹಕ್ಕನ್ನು ಗೇಣಿಗೆ ಪಡೆದಿರಬೇಕು, ಇಲ್ಲವೇ ಪಡೆದವನ ಅತಿಥಿಯಾಗಿರಬೇಕು. ತೋನ್‌ನ ಹತ್ತಿರ ಮೆಕ್ಕೆಜೋಳದ ಹೊಲ, ಹುಲ್ಲುಗಾವಲು, ಹಳ್ಳದ ಪಕ್ಕದ ಆಲ್ಡರ್ ಮರಗಳ ತೋಪು ಎಲ್ಲ ಸೇರಿ ಅರವತ್ತು ಹೆಕ್ಟೇರಿನ ಹಕ್ಕಿತ್ತು. ಎಂಟು ವರ್ಷ ಗಯಾಸ್ ಅಲ್ಲಿ ಅವನ ಅತಿಥಿ. ಈಗ ತೋನ್‌ಗೆ ಎಂಬತ್ತೊಂದು. ಎರಡೂ ಕಣ್ಣಿಗೆ ಪೊರೆ. ಆಸ್ಪತ್ರೆಗಳು ಕೊರೊನಾ ರೋಗಿಗಳಿಂದ ತುಂಬಿ ಅವನ ಆಪರೇಷನ್ ಮೂರು ಸಲ ಮುಂದೆ ಹೋಗಿತ್ತು. ೨೦೨೨ರ ಜನವರಿಯಲ್ಲಿ ಅವನು ಹೇಳಿಬಿಟ್ಟ, "ಫೆಬ್ರವರಿ ಕೊನೆಗೆ ಗೇಣಿಪತ್ರ ಹೊಸದು ಮಾಡಬೇಕು. ರೈತರ ಹತ್ತಿರ ಮಾತಾಡಿದ್ದೇನೆ. ನಿನ್ನ ಹೆಸರಿಗೆ ಬರೆಸುತ್ತೇನೆ."

ಗಯಾಸ್ ಅಂದು ಮನೆಗೆ ಬಂದವನು ಶೂ ಬಿಚ್ಚುವ ಮೊದಲೇ ಹೆಂಡತಿಗೆ ಸುದ್ದಿ ಹೇಳಿದ. ಈ ದೇಶದಲ್ಲಿ ಅವನಿಗೆ ಸಿಕ್ಕಿದ್ದೆಲ್ಲ ಅರ್ಜಿ ಹಾಕಿ, ಬೆರಳಚ್ಚು ಕೊಟ್ಟು, ಸಾಲಿನಲ್ಲಿ ನಿಂತು ಪಡೆದದ್ದು. ಒಬ್ಬ ಮನುಷ್ಯ ಅವನ ಕೈಕೆಲಸ ನೋಡಿ ನಂಬಿ ತಾನಾಗಿ ಕೊಡುತ್ತಿರುವುದು ಇದೊಂದೇ. ಆ ನೆಲ ತನಗೆ ಬೇಕೇ ಬೇಕು ಎಂದು ಅವನಿಗೆ ಅನ್ನಿಸಿತು. ಅದು ತಪ್ಪಿದರೆ ತೋನ್ ಕೋವಿ ಕೆಳಗಿಟ್ಟ ದಿನವೇ ಅವನ ಬೇಟೆಯೂ ಮುಗಿದಂತೆ.

ಮಹಾಮಾರಿಯ ಆ ಎರಡು ವರ್ಷ ಗಯಾಸ್‌ನ ಶೆಡ್ಡಿಗೆ ಒಳ್ಳೆಯ ಕಾಲ. ಆಫೀಸಿನ ಅರ್ಧ ಕೆಲಸ ಮನೆಯಿಂದಲೇ ನಡೆಯುತ್ತಿತ್ತು. ಹಿತ್ತಲಿನ ಮರದ ಶೆಡ್ಡಿನಲ್ಲಿ, ಸೈಕಲ್ಲುಗಳನ್ನು ಹೊರಗೆ ಹಾಕಿ, ಅವನು ಮೇಜು ಹೂಡಿದ್ದ. ಹೊಡೆದು ಖಾಲಿಯಾದ ಹಿತ್ತಾಳೆ ಕೇಸುಗಳನ್ನು ತೊಳೆದು ಒಣಗಿಸುವುದು, ತಳದಲ್ಲಿ ಕಿಡಿ ಹೊತ್ತಿಸುವ ಹಳೆಯ ಕೇಪು ಕಿತ್ತು ಹೊಸ ಕೇಪು ಕೂರಿಸುವುದು, ಮದ್ದು ತೂಗಿ ಸುರಿಯುವುದು, ಮೇಲೆ ತಾಮ್ರದ ಗುಂಡನ್ನು ಒತ್ತಿ ಕೂರಿಸುವುದು. ಮದ್ದಿನ ತೂಕದಲ್ಲಿ ಗುಲಗಂಜಿಯ ಇಪ್ಪತ್ತರಲ್ಲಿ ಒಂದು ಪಾಲು ಹೆಚ್ಚುಕಡಿಮೆಯಾದರೂ ಅವನು ಮತ್ತೆ ಡಬ್ಬಿಗೆ ಸುರಿದು ಮೊದಲಿನಿಂದ ತೂಗುತ್ತಿದ್ದ. ಶೆಡ್ಡಿನ ಬಾಗಿಲನ್ನು ಯಾರೂ ತೆಗೆಯುವಂತಿರಲಿಲ್ಲ. ಮಗಳು ಮಹನೂರ್ ಊಟಕ್ಕೆ ಕರೆಯಲು ಕಿಟಕಿಗೆ ಬೆರಳಿಂದ ಬಡಿದು ಓಡಿಹೋಗುತ್ತಿದ್ದಳು.

ಅದೇ ಹೊತ್ತಿಗೆ ಲೋಕಕ್ಕೆಲ್ಲ ತೋಟಾ ಬರ ಬಂದಿತ್ತು. ಅಂಗಡಿಗಳ ಕಪಾಟು ಖಾಲಿ. ಬೇಟೆಗಾರರು ಸಿಕ್ಕ ಸಿಕ್ಕ ಪೆಟ್ಟಿಗೆ ತಂದು, ಒಂದು ವಾರ ಒಂದು ಬಗೆ, ಇನ್ನೊಂದು ವಾರ ಇನ್ನೊಂದು ಬಗೆ ಹೊಡೆಯುತ್ತಿದ್ದರು. ಹೊಟ್ಟೆಗೆ, ತೊಡೆಗೆ, ದವಡೆಗೆ ಬಿದ್ದು ಓಡಿಹೋದ ಜಿಂಕೆಗಳ ಕತೆ ತೋನ್‌ನ ಅಡುಗೆಮನೆಗೆ ಬಂದಾಗಲೆಲ್ಲ ಗಯಾಸ್ ಮುಖ ಕಿವುಚುತ್ತಿದ್ದ. ಐದು ವರ್ಷ ಹಿಂದೆಯೇ ತಂದಿಟ್ಟ ಕೇಪೂ ಮದ್ದೂ ಅವನ ಕಪಾಟಿನಲ್ಲಿ ಭದ್ರವಾಗಿದ್ದವು.

ಆ ಜನವರಿಯಲ್ಲಿ ಶೆಡ್ಡಿಗೆ ಬಂದವನು ಶ್ರೀಕರ. ಮೈಸೂರಿನ ಹುಡುಗ, ಅದೇ ಕಂಪನಿಯಲ್ಲಿ ಸಾಫ್ಟ್‌ವೇರ್. ಹುಡುಗ ಅಂದರೆ ಮೂವತ್ತನಾಲ್ಕು ವರ್ಷ, ಅನನ್ಯಾ ಎಂಬ ಹೆಂಡತಿ, ವೆಲ್ಡ್‌ಹೋವನ್ನಿನಲ್ಲೇ ಮನೆ. ಹುಟ್ಟಾ ಸಸ್ಯಾಹಾರಿ, ಇಲ್ಲಿ ಬಂದು ಮಾಂಸ ಹಿಡಿದವನು. ಲಾಕ್‌ಡೌನಿನಲ್ಲಿ ಒಬ್ಬ ಬ್ರೆಡ್ ಮಾಡಲು ಕಲಿತರೆ ಇನ್ನೊಬ್ಬ ಗಿಟಾರ್ ಕಲಿತ, ಇವನು ಬೇಟೆ ಪರೀಕ್ಷೆ ಪಾಸು ಮಾಡಿದ. ಹೊಸ ರೈಫಲ್, ಹೊಸ ದುರ್ಬೀನು, ಬೆಲೆಯ ಚೀಟಿ ಇನ್ನೂ ನೇತಾಡುತ್ತಿದ್ದ ಹಸಿರು ಜಾಕೆಟ್ಟು. ಗಯಾಸ್‌ಗೆ ಅವನನ್ನು ನೋಡಿದರೇ ಮೈ ಉರಿಯುತ್ತಿತ್ತು. ಆದರೆ ತೋನ್‌ಗೆ ಅವನು ಇಷ್ಟವಾಗಿದ್ದ. "ಆ ಹುಡುಗನನ್ನು ಜೊತೆಗೆ ಕರೆದುಕೊಂಡು ಬಾ, ಒಂದು ಹೆಣ್ಣು ಜಿಂಕೆ ಹೊಡೆಯಲಿ," ಎಂದಿದ್ದ.

"ಗಯಾಸ್ ಭಾಯ್, ಅಂಗಡೀಲಿ ಒಂದ್ ಬಾಕ್ಸೂ ಇಲ್ಲ," ಎಂದ ಶ್ರೀಕರ, ಶೆಡ್ಡಿನ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು. "ವೇಟಿಂಗ್ ಲಿಸ್ಟ್ ಅಂತೆ, ಏಪ್ರಿಲ್ ಆಗತ್ತಂತೆ. ಸೀಸನ್ ಮಾರ್ಚಿಗೆ ಮುಗ್ದೋಗತ್ತೆ."

"ಅಂಗಡೀದು ತಗೊಂಡ್ ಏನ್ ಮಾಡ್ತೀಯ? ಅದು ಯಾವನ್ಗೂ ಅಂತ ಮಾಡಿರೋದಲ್ಲ. ರೆಡಿಮೇಡ್ ಅಂಗಿ ಇದ್ದಂಗೆ, ಎಲ್ಲರ್ಗೂ ಒಂದ್ ಚೂರು ಲೂಸು."

ಶ್ರೀಕರ ಏನೋ ಕೇಳಿದ್ದೇ ತಡ, ಗಯಾಸ್ ಶುರು ಮಾಡಿದ. ಒಂದು ಗಂಟೆ ಬಿಡಲಿಲ್ಲ. ಪ್ರತಿ ರೈಫಲ್ಲಿಗೂ ಒಂದು ರುಚಿ ಇರುತ್ತದೆ, ಮದ್ದು ಅಷ್ಟಷ್ಟೇ ಏರಿಸುತ್ತಾ ಹೊಡೆದು ನೋಡಿದರೆ ಒಂದು ಕಡೆ ಐದೂ ಗುಂಡು ಒಂದೇ ತೂತಿನ ಸುತ್ತ ಕೂರುತ್ತವೆ ಎಂದ. ನೂರು ಮೀಟರಿನ ಗುರಿಹಲಗೆಯನ್ನು ತೋರಿಸಿದ. ಐದು ತೂತುಗಳ ಮೇಲೆ ಎರಡು ಯೂರೋದ ಒಂದು ನಾಣ್ಯ ಇಟ್ಟ, ಎಲ್ಲ ಮುಚ್ಚಿಹೋದವು. ಇಲ್ಲಿನ ಜಿಂಕೆ ಆಡಿನಷ್ಟೇ ಇರುವುದು, ಎಂಬತ್ತು ಮೀಟರಿನಲ್ಲಿ ನಿಂತಿರುವುದು, ಅದಕ್ಕೆ ಕಾರ್ಖಾನೆಯ ಜೋರು ತೋಟಾ ಯಾಕೆ ಬೇಕು, ಕಾನೂನು ಕೇಳುವಷ್ಟು ಬಲ ಇಟ್ಟುಕೊಂಡು ಮೆದುವಾಗಿ ತುಂಬಿದರೆ ಭುಜ ಹೆಪ್ಪುಗಟ್ಟುವುದಿಲ್ಲ, ಹೊಡೆದ ತೂತಿನ ಪಕ್ಕದ ಮಾಂಸವನ್ನೂ ತಿನ್ನಬಹುದು ಎಂದ. ತಾಮ್ರದ ಗುಂಡು ಪುಡಿಯಾಗುವುದಿಲ್ಲ, ಮಕ್ಕಳ ಖೀಮಾದಲ್ಲಿ ಸೀಸ ಇರುವುದಿಲ್ಲ ಎಂದ. "ನಾನು ಬಿಸ್ಮಿಲ್ಲಾ ಅಂದು ಒತ್ತಿದ್ಮೇಲೆ ಅದು ಅಲ್ಲೇ ಕೂರ್ಬೇಕು. ಓಡಬಾರದು. ಓಡಿದ್ರೆ ತಪ್ಪು ನಂದು. ಅಂಗಡಿಯವನ ಮೇಲೆ ಹಾಕೋಕೆ ನನಗಿಷ್ಟ ಇಲ್ಲ."

ಮತ್ತೆ ಒಂದು ಕೇಸು ತೆಗೆದು ಬೆಳಕಿಗೆ ಹಿಡಿದ. "ಇದು ನೋಡು. ಒಂದ್ ಸಲ ಹೊಡೆದಾಗ ಈ ಹಿತ್ತಾಳೆ ಉಬ್ಬಿ ನನ್ ರೈಫಲ್ಲಲ್ಲಿ ತೋಟಾ ಕೂರೋ ಗೂಡಿನ ಅಳತೆಗೇ ನಿಂತಿರತ್ತೆ. ಎಲ್ಲರೂ ಅದನ್ನ ಮತ್ತೆ ಅಚ್ಚಲ್ಲಿ ಹಾಕಿ ಪೂರ್ತಿ ಹಿಂಡ್ತಾರೆ. ನಾನು ಗುಂಡು ಕೂರೋ ಕತ್ತು ಮಾತ್ರ ಬಿಗಿ ಮಾಡ್ತೀನಿ, ಮೈ ಮುಟ್ಟಲ್ಲ. ಅದಕ್ಕೇ ಅಷ್ಟು ಕರೆಕ್ಟಾಗಿ ಕೂರೋದು."

ಶ್ರೀಕರ ಬಾಯಿಬಿಟ್ಟು ಕೇಳುತ್ತಿದ್ದ. "ಭಾಯ್, ನೀವು ಬೇರೆ ಲೆವೆಲ್ಲು," ಎಂದ. ಆ ಮಾತು ಗಯಾಸ್‌ಗೆ ತುಪ್ಪ ಸುರಿದಂತಾಯಿತು. ತಾನು ತುಂಬಿದ್ದನ್ನು ಇನ್ನೊಬ್ಬರಿಗೆ ಕೊಡಬಾರದು ಎಂಬುದು ಈ ಕೆಲಸದ ಮೊದಲ ಮಾತು. ಎಷ್ಟೋ ಜನ ಕೇಳಿದ್ದರು, ಅವನು ಮುಖಕ್ಕೆ ಹೊಡೆದಂತೆ ಇಲ್ಲ ಎಂದಿದ್ದ. ಆದರೆ ಆ ಮಧ್ಯಾಹ್ನ ಹೊಗಳಿಕೆಯ ಅಮಲಿನಲ್ಲಿ ಅವನ ಕೈ ತಾನಾಗಿ ಡಬ್ಬಿಗೆ ಹೋಯಿತು. ಇಬ್ಬರ ರೈಫಲ್ಲೂ ಆರೂವರೆ ಮಿಲಿಮೀಟರಿನದೇ, ಕಂಪನಿ ಮಾತ್ರ ಬೇರೆ. ಐದು ತೋಟಾ ಎಣಿಸಿ ಅವನ ಅಂಗೈಗೆ ಹಾಕಿದ. "ಯಾರಿಗೂ ಹೇಳ್ಬೇಡ," ಎಂದ. ಲಾಕ್‌ಡೌನ್ ಕಳೆದು ಗುರಿ ಹೊಡೆಯುವ ರೇಂಜು ಆಗಷ್ಟೇ ತೆರೆದಿತ್ತು, ಆದರೆ ಬುಕಿಂಗ್ ಸಿಗುತ್ತಿರಲಿಲ್ಲ. ಹೋಗಿ ಮೊದಲು ಹೊಡೆದು ನೋಡು ಎಂದು ಹೇಳಬೇಕಿತ್ತು. ಹೇಳಲಿಲ್ಲ.

ಫೆಬ್ರವರಿಯ ಮೊದಲ ಶನಿವಾರ ಬೆಳಿಗ್ಗೆ ಮೂವರೂ ನೆಲಕ್ಕೆ ಹೋದರು. ಹೊಲದ ಮೇಲೆ ತೆಳು ಮಂಜು. ತೋನ್ ತನ್ನ ಗಿಡ್ಡ ಕಾಲಿನ ನಾಯಿಯೊಂದಿಗೆ ಕಾರಿನಲ್ಲೇ ಕೂತ. ಶ್ರೀಕರ ತೋಪಿನ ಅಂಚಿನ ಮರದ ಅಟ್ಟಣೆ ಹತ್ತಿದ, ಗಯಾಸ್ ಆರುನೂರು ಮೀಟರ್ ಆಚೆ ಇನ್ನೊಂದು ಅಟ್ಟಣೆ ಹತ್ತಿದ. ಎಂಟು ಗಂಟೆಯ ಹೊತ್ತಿಗೆ ಒಂದು ಹೊಡೆತ ಕೇಳಿತು, ಹಿಂದೆಯೇ ಮಂಕಾದ ಟಪ್ ಸದ್ದು. ಆ ಸದ್ದು ಗಯಾಸ್‌ಗೆ ಗೊತ್ತು. ಗುಂಡು ಎದೆಗೂಡಿಗಲ್ಲ, ಹೊಟ್ಟೆಗೆ ಬಿದ್ದಾಗ ಬರುವ ಸದ್ದು. ಎರಡನೆಯ ಹೊಡೆತಕ್ಕೆ ಕಾದ. ಅದು ಬರಲಿಲ್ಲ.

ಅವನು ರೈಫಲ್ಲಿನ ತೋಟಾ ತೆಗೆದು ಜೇಬಿಗೆ ಹಾಕಿ, ರೈಫಲ್ ಹೆಗಲಿಗೇರಿಸಿ ಇಳಿದು ಹೊಲದ ಅಂಚಿನಲ್ಲಿ ಓಡಿದ. ಶ್ರೀಕರ ಅಟ್ಟಣೆಯ ಕೆಳಗೆ ನಿಂತಿದ್ದ. ಮುಖ ಬಿಳಿಚಿಕೊಂಡಿತ್ತು. ಕೈಯಲ್ಲಿದ್ದ ರೈಫಲ್ಲಿನ ಬೋಲ್ಟು, ತೋಟಾವನ್ನು ಗೂಡಿಗೆ ತಳ್ಳುವ ಅಗುಳಿ, ಅರ್ಧ ಮುಂದೆ ಹೋಗಿ ನಿಂತುಬಿಟ್ಟಿತ್ತು, ಹಿಂದಕ್ಕೂ ಬರುತ್ತಿರಲಿಲ್ಲ, ಮುಂದಕ್ಕೂ ಹೋಗುತ್ತಿರಲಿಲ್ಲ. ತೋಪಿನ ಅಂಚಿನಲ್ಲಿ, ಎಪ್ಪತ್ತು ಮೀಟರಿನಾಚೆ, ಹೆಣ್ಣು ಜಿಂಕೆ ಬೆನ್ನು ಗೂನು ಮಾಡಿಕೊಂಡು ತಲೆ ತಗ್ಗಿಸಿ ನಿಂತಿತ್ತು.

"ಹೋಗ್ತಿಲ್ಲ ಭಾಯ್," ಎಂದ ಶ್ರೀಕರ. "ಮೊದಲ್ನೇದೂ ಟೈಟಾಗಿತ್ತು, ಜೋರಾಗಿ ಒತ್ತಿ ಹಾಕ್ದೆ, ಅದ್ರಲ್ಲೇ ಗುರಿ ತಪ್ತು. ಇದು ಹೋಗ್ತಾನೇ ಇಲ್ಲ."

"ಬೋಲ್ಟ್ ಹಾಕೋಕೂ ಬರಲ್ವಾ ನಿಂಗೆ?" ಗಯಾಸ್‌ನ ಬಾಯಿಂದ ಬಂದದ್ದು ಅದು. "ಜಾಕೆಟ್ ತಗೊಂಡೆ, ದುರ್ಬೀನ್ ತಗೊಂಡೆ, ಒಂದ್ ಬೋಲ್ಟ್ ಎಳಿಯೋಕೆ ಕಲೀಲಿಲ್ಲ. ಥೂ. ನಿನ್ನಂಥೋರ್ನ ಕಾಡಿಗೆ ಬಿಟ್ಟೋರಿಗೆ ಹೊಡೀಬೇಕು. ಕೊಡು ಇಲ್ಲಿ." ರೈಫಲ್ ಕಿತ್ತುಕೊಂಡು ಬೋಲ್ಟನ್ನು ಅಂಗೈಯಿಂದ ಗುದ್ದಿದ. ಮತ್ತೆ ಬೈದ. ಮತ್ತೆ ಗುದ್ದಿದ. ತಲೆಯೆತ್ತಿ ನೋಡುವ ಹೊತ್ತಿಗೆ ಜಿಂಕೆ ನಿಧಾನವಾಗಿ ಹೆಜ್ಜೆ ಹಾಕುತ್ತಾ ತೋಪಿನೊಳಗೆ ಹೋಗಿಬಿಟ್ಟಿತ್ತು.

ಅದನ್ನು ಹುಡುಕಲು ನಾಯಿಗೆ ಎರಡು ಗಂಟೆ ಹಿಡಿಯಿತು. ತೋನ್ ನಾಯಿಯ ಹಗ್ಗ ಹಿಡಿದು ಎಡವುತ್ತಾ ಮುಂದೆ, ಇವರಿಬ್ಬರೂ ಹಿಂದೆ. ಕೆಸರಿನಲ್ಲಿ, ಮುಳ್ಳುಪೊದೆಯ ಎಲೆಯ ಮೇಲೆ, ಕಂದುಹಸಿರು ಬೆರೆತ ನೀರುರಕ್ತದ ಹನಿಗಳು. ಹಳ್ಳದ ಬದಿಯಲ್ಲಿ ಅದು ಮಲಗಿತ್ತು, ಕಣ್ಣು ಬಿಟ್ಟುಕೊಂಡೇ. ಹೊಟ್ಟೆಯ ತೂತಿನಿಂದ ಜಗಿದ ಹುಲ್ಲು ಹೊರಗೆ ಬಂದು ಕೂದಲಿಗೆ ಮೆತ್ತಿಕೊಂಡಿತ್ತು. ಹುಳಿಹುಳಿ ಸಗಣಿಯ ನಾತ. ಗಯಾಸ್ ಮೊಣಕಾಲೂರಿ, ಬಿಸ್ಮಿಲ್ಲಾ ಎಂದು ಚಾಕು ಹಾಕಿದ. ಬಿಸಿ ರಕ್ತ ಮಣಿಕಟ್ಟಿಗೆ ಹರಿಯಿತು. ಅಷ್ಟು ವರ್ಷದಲ್ಲಿ ಮೊದಲ ಸಲ ಎದ್ದು ಮರದ ಹಿಂದೆ ಹೋಗಿ ಕಾರಿಕೊಂಡ. ಶ್ರೀಕರ ಜಿಂಕೆಯ ತಲೆಯ ಹತ್ತಿರ ಕೂತು ಸದ್ದಿಲ್ಲದೆ ಅಳುತ್ತಿದ್ದ.

ತೋನ್‌ನ ಮನೆಯ ಅಂಗಳದಲ್ಲಿ ರೈಫಲ್ಲನ್ನು ಮೇಜಿನ ಮೇಲೆ ಇಟ್ಟು, ನಳಿಗೆಯೊಳಗೆ ಕಡ್ಡಿ ತೂರಿ, ಮುದುಕ ಹುಷಾರಾಗಿ ಸಿಕ್ಕಿಕೊಂಡ ತೋಟಾವನ್ನು ಹೊರಗೆ ತಳ್ಳಿದ. ಅದು ಮೇಜಿನ ಮೇಲೆ ಉರುಳಿ ಗಯಾಸ್‌ನ ಮುಂದೆ ಬಂದು ನಿಂತಿತು. ಕೇಸು ಕತ್ತಿನ ಕಡೆ ಸಣ್ಣದಾಗುವ ಭುಜದ ಮೇಲೆ ಹೊಳೆಯುವ ಉಜ್ಜಿದ ಗೆರೆ. ಆಗ ಅವನಿಗೆ ತಿಳಿಯಿತು. ತನ್ನ ರೈಫಲ್ಲಿನ ಗೂಡಿಗೆ ಉಬ್ಬಿದ ಹಿತ್ತಾಳೆ, ಮೈ ಹಿಂಡದೆ ಬಿಟ್ಟದ್ದು, ಇನ್ನೊಂದರ ಗೂಡಿಗೆ ಹೇಗೆ ಕೂತೀತು? ಇಪ್ಪತ್ತೈದು ವರ್ಷ ಅಳತೆಯ ಕೆಲಸ ಮಾಡಿದವನು, ಕೇಸು ಹಿಡಿದು ತಾನೇ ಅದನ್ನು ವಿವರಿಸಿ ಹೇಳಿ, ಅದಾದ ಐದು ನಿಮಿಷಕ್ಕೆ ಅದನ್ನೇ ತೆಗೆದು ಕೊಟ್ಟಿದ್ದ.

"ಯಾವ ತೋಟಾ ಇದು?" ಎಂದು ತೋನ್ ಮಂಜು ಕಣ್ಣು ಕಿರಿದು ಮಾಡಿ ಕೇಳಿದ.

ಶ್ರೀಕರ ಗಯಾಸ್‌ನ ಮುಖ ನೋಡಿದ. ಗಯಾಸ್‌ಗೆ ಕಂಡದ್ದು ಶ್ರೀಕರ ಅಲ್ಲ, ಸಹಿಯಾಗದ ಗೇಣಿಪತ್ರ. "ಅಂಗಡಿಯದು," ಎಂದುಬಿಟ್ಟ. "ಹೊಸ ರೈಫಲ್, ಎಣ್ಣೆ ಒರೆಸಿಲ್ಲ, ಕೊಳೆ ಸೇರಿದೆ. ಗಾಬರಿಯಲ್ಲಿ ಬೋಲ್ಟ್ ತಿರುಚಿದ್ದಾನೆ." ಹೇಳುತ್ತಲೇ ತೋಟಾವನ್ನು ಜೇಬಿಗೆ ಹಾಕಿಕೊಂಡ. ತೋನ್ ಕೋಪದಿಂದ ಶ್ರೀಕರನ ಕಡೆ ತಿರುಗಿ, ಕೊಳಕು ರೈಫಲ್ ಹಿಡಿದು ತನ್ನ ನೆಲಕ್ಕೆ ಇನ್ನು ಬರಬೇಡ ಎಂದ. ಶ್ರೀಕರ ತಲೆ ತಗ್ಗಿಸಿಕೊಂಡು ಕಾರು ಹತ್ತಿದ. ಮುದುಕ ಗಯಾಸ್‌ನ ಹೆಗಲು ತಟ್ಟಿ, "ಅದಕ್ಕೇ ಈ ನೆಲ ನಿನಗೆ ಕೊಡುತ್ತಿರುವುದು," ಎಂದ.

ಆಮೇಲಿನ ದಿನಗಳು ಗಯಾಸ್‌ಗೆ ಹಳಸಿದ ಅನ್ನ ತಿಂದಂತೆ ಕಳೆದವು. ದಿನ ಬಿಟ್ಟು ದಿನ ತೋನ್‌ನ ಮನೆಗೆ ಹೋಗಿ ಗೇಣಿಯ ಕಾಗದಗಳನ್ನು ಜೋಡಿಸಲು ಸಹಾಯ ಮಾಡಿದ. ತೋನ್ ಶ್ರೀಕರನನ್ನು ಬೈಯುವಾಗ ತಾನೂ ಬೈದ. ಬೈದಷ್ಟೂ ಸಮಾಧಾನ ಸಿಗುತ್ತದೆಂದುಕೊಂಡಿದ್ದ, ಸಿಗಲಿಲ್ಲ. ಜಿಂಕೆಯ ಹಿಂಗಾಲಿನ ಮಾಂಸ ಚೆನ್ನಾಗಿಯೇ ಇತ್ತು, ಹಲಾಲೂ ಆಗಿತ್ತು. ನಾಜ್ನೀನ್ ಅದನ್ನು ಬೇಯಿಸಿದಾಗ ಅವನಿಗೆ ಅದೇ ಹುಳಿ ನಾತ ಬಂದು ತಟ್ಟೆ ದೂಡಿದ.

"ಅಜೀ, ಆ ಶ್ರೀಕರಂಗೆ ಕೊರೊನಾ ಬಂದದಂತೆ," ಎಂದಳು ನಾಜ್ನೀನ್ ಒಂದು ಬೆಳಿಗ್ಗೆ ಚಾ ಕೊಡುತ್ತಾ. ಅಂದು ತೋನ್‌ನ ಮನೆಯಲ್ಲಿ ಸಹಿ ಹಾಕುವ ದಿನ, ಜಿಂಕೆ ಸತ್ತ ಹದಿನಾರನೆಯ ದಿನ. "ಅನನ್ಯಾ ಫೋನ್ ಮಾಡಿದ್ಲು. ರೈಫಲ್ ವಾಪಸ್ ಕೊಟ್ಟುಬಿಟ್ಟನಂತೆ, ಲೈಸೆನ್ಸೂ. ಸರಿಯಾಗಿ ಊಟಾನೇ ಮಾಡ್ತಿಲ್ಲ ಅಂತ ಅಳ್ತಿದ್ಲು."

"ಹಂಗೇ ಆಗ್ಬೇಕಿತ್ತು ಅವ್ನಿಗೆ," ಎಂದ ಗಯಾಸ್.

ನಾಜ್ನೀನ್ ಚಾದ ಪಾತ್ರೆಯನ್ನು ಮೇಜಿನ ಮೇಲೆ ಇಟ್ಟಳು. "ಹದಿನೈದು ದಿನದಿಂದ ಅವನ್ನ ಬೈತಿದೀರಿ. ಇಷ್ಟು ದಿನ ಯಾರನ್ನೂ ಬೈದಿಲ್ಲ ನೀವು. ಥೂ ಅಂದು ಮರ್ತುಬಿಡ್ತಿದ್ರಿ. ಇವನ ಹತ್ರ ಏನ್ ಸಿಕ್ಕಾಕೊಂಡಿದೆ ನಿಮ್ದು?"

ಗಯಾಸ್ ಚಾ ಅಲ್ಲೇ ಬಿಟ್ಟು ಸೈಕಲ್ ಹತ್ತಿದ.

ಶ್ರೀಕರ ಮನೆಯ ಕೆಳಗಿನ ಕೋಣೆಯಲ್ಲಿ ಒಬ್ಬನೇ ಇದ್ದ. ಗಯಾಸ್ ಹೂವಿನ ಕುಂಡಗಳ ನಡುವೆ ನಿಂತು ಕಿಟಕಿ ತಟ್ಟಿದ. ಶ್ರೀಕರ ಶಾಲು ಹೊದ್ದು ಬಂದು ಕಿಟಕಿಯ ಮೇಲಿನ ಸಂದು ತೆಗೆದು, ಎರಡು ಹೆಜ್ಜೆ ಹಿಂದೆ ಸರಿದು ನಿಂತ.

"ಅವತ್ತು ಸಿಕ್ಕಾಕೊಂಡಿದ್ದು ನಿನ್ ತಪ್ಪಲ್ಲ," ಎಂದ ಗಯಾಸ್. "ನನ್ ತೋಟಾ ನಿನ್ ರೈಫಲ್ಲಿಗೆ ಕೂರೋದಲ್ಲ. ನಾನ್ ಕೊಡಬಾರದಿತ್ತು. ಅಂಗಳದಲ್ಲೇ ನಂಗೆ ಗೊತ್ತಾಯ್ತು. ಸುಳ್ಳು ಹೇಳಿದೆ."

"ಗೊತ್ತು ಭಾಯ್. ಮೂರ್ನೇ ದಿನ ಉಳಿದ ಮೂರೂ ಹಾಕಿ ನೋಡ್ದೆ. ಒಂದೂ ಕೂರಲಿಲ್ಲ."

"ಮದ್ದಿರೋ ತೋಟಾನ ಮನೆ ಒಳಗೇ ಹಾಕಿ ನೋಡಿದ್ಯಾ? ನಿಂಗೇನು ತಲೆ..." ಎನ್ನುತ್ತಿದ್ದವನು ತುಟಿ ಕಚ್ಚಿಕೊಂಡ. ಆಮೇಲೆ ಕೇಳಿದ, "ಮತ್ತೆ ಯಾಕೆ ರೈಫಲ್ ಕೊಟ್ಟುಬಿಟ್ಟೆ?"

ಶ್ರೀಕರ ಕೆಮ್ಮಿ ಸುಧಾರಿಸಿಕೊಂಡ. "ನೀವು ಓಡಿ ಬಂದಾಗ ಅದು ಅಲ್ಲೇ ನಿಂತಿತ್ತು ಭಾಯ್. ಎಪ್ಪತ್ತು ಮೀಟರ್. ನಿಮ್ ರೈಫಲ್ ನಿಮ್ ಭುಜದ ಮೇಲಿತ್ತು, ತೋಟಾ ಜೇಬಲ್ಲಿತ್ತು. ನೀವು ಅದನ್ನ ನೋಡಿದ್ರಿ. ನೋಡಿ, ಆಮೇಲೆ ನನ್ನ ಬೈಯೋಕೆ ಶುರು ಮಾಡಿದ್ರಿ. ಅದು ಒಳಗೆ ಹೋಗೋವರ್ಗೂ ಬೈದ್ರಿ. ಎಲ್ಲ ಗೊತ್ತಿರೋರೇ ಹಿಂಗಾದ್ರೆ ನಾನ್ ಏನಾಗ್ತೀನಿ ಅನ್ನಿಸ್ತು. ಅದಕ್ಕೆ ಬಿಟ್ಟೆ."

ಆ ಕ್ಷಣದಲ್ಲಿ ತನ್ನ ರೈಫಲ್ಲಿಗೆ ಒಂದು ತೋಟಾ ತುಂಬಿ ಒಂದು ಗುಂಡು ಹೊಡೆದಿದ್ದರೆ ಎರಡು ಗಂಟೆಯ ಆ ನರಳಾಟ ಇರುತ್ತಿರಲಿಲ್ಲ. ಹದಿನಾರು ದಿನದಲ್ಲಿ ಗಯಾಸ್ ತೋಟಾದ ಬಗ್ಗೆ ಸಾವಿರ ಸಲ ಯೋಚಿಸಿದ್ದ, ಇದರ ಬಗ್ಗೆ ಒಂದು ಸಲವೂ ಯೋಚಿಸಿರಲಿಲ್ಲ. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಜೀವಮಾನವೆಲ್ಲ ಬೇರೆಯವರಿಗೆ ಹಂಚಿದ ಹೇಸಿಗೆಯನ್ನು ಒಟ್ಟು ಸೇರಿಸಿದರೂ ಅಷ್ಟಾಗುತ್ತಿರಲಿಲ್ಲ.

"ತೋನ್‌ಗೆ ಹ್ಯಾಗೂ ಗೊತ್ತಿಲ್ಲ," ಎಂದ ಶ್ರೀಕರ. "ಹೇಳ್ಬೇಡಿ ಬಿಡಿ. ನಾನಂತೂ ಆ ಕಡೆ ಬರಲ್ಲ. ನೆಲ ನಿಮಗಾದ್ರೂ ಸಿಗಲಿ."

ತೋನ್‌ನ ಅಡುಗೆಮನೆಯಲ್ಲಿ ಕಾಗದ, ಪೆನ್ನು, ಎರಡು ಕಪ್ ಕಾಫಿ ಸಿದ್ಧವಾಗಿದ್ದವು. ರೈತರು ಮೂವರೂ ಆಗಲೇ ಸಹಿ ಹಾಕಿದ್ದರು. ಗಯಾಸ್ ಕೋಟು ತೆಗೆಯದೆ ಕೂತು, ಜೇಬಿನಿಂದ ತೋಟಾ ತೆಗೆದು ಕಾಗದದ ಪಕ್ಕ ಇಟ್ಟ. ಎಲ್ಲವನ್ನೂ ಹೇಳಿದ. ಶೆಡ್ಡಿನ ಹೊಗಳಿಕೆ, ಐದು ತೋಟಾ, ಅಂಗಳದ ಸುಳ್ಳು, ಅಟ್ಟಣೆಯ ಕೆಳಗೆ ತಾನು ಬೈಯುತ್ತಾ ನಿಂತದ್ದು. ಡಚ್ಚಿನಲ್ಲಿ ಅವನಿಗೆ ಸೌಮ್ಯವಾದ ಪದಗಳು ಹೆಚ್ಚು ಬರುತ್ತಿರಲಿಲ್ಲ, ಆದ್ದರಿಂದ ಎಲ್ಲ ನೇರವಾಗಿಯೇ ಬಂತು.

ತೋನ್ ತೋಟಾವನ್ನು ಮುಟ್ಟಲಿಲ್ಲ. ಕಾಫಿಯ ಕಪ್ಪನ್ನು ತಡವಿ ಪಕ್ಕಕ್ಕೆ ಸರಿಸಿದ.

"ಜಿಂಕೆ ನರಳಿದ್ದಕ್ಕೆ ಅಲ್ಲ," ಎಂದ. "ನನ್ನ ಕೈಯಿಂದಲೂ ನರಳಿವೆ. ತಪ್ಪು ತೋಟಾಕ್ಕೂ ಅಲ್ಲ. ಕಣ್ಣು ಕಾಣದವನ ಮುಂದೆ ಅದನ್ನು ಜೇಬಿಗೆ ಹಾಕಿಕೊಂಡೆಯಲ್ಲ, ಆಮೇಲೆ ಹದಿನಾರು ದಿನ ಈ ಮೇಜಿನ ಮೇಲೆ ನನ್ನ ಕಾಫಿ ಕುಡಿದೆಯಲ್ಲ. ಈ ನೆಲ ನಿನಗೆ ಇಲ್ಲ."

"ಸರಿ," ಎಂದ ಗಯಾಸ್.

ತೋನ್ ಕಾಗದವನ್ನು ತಡವಿ ಹುಡುಕಿ, ಎರಡಾಗಿ ಹರಿದು, ಹರಿದದ್ದನ್ನು ಮತ್ತೆ ಎರಡಾಗಿ ಹರಿದ. ಗಯಾಸ್ ಏಳಲು ಹೊರಟ.

"ಕೂತುಕೋ. ಸುತ್ತಲಿನ ನಾಲ್ವರು ಬೇಟೆಗಾರರಿಗೆ ಫೋನು ಮಾಡಿ ಆ ಹುಡುಗ ಕೊಳಕ, ಅವನನ್ನು ನಿಮ್ಮ ನೆಲಕ್ಕೆ ಬಿಟ್ಟುಕೊಳ್ಳಬೇಡಿ ಎಂದಿದ್ದೇನೆ. ನಿನ್ನ ಮಾತು ನಂಬಿ, ನನ್ನ ಬಾಯಿಂದ." ಮುದುಕ ಫೋನನ್ನು ಹರಿದ ಕಾಗದದ ಮೇಲೆ ಎಳೆದು ಗಯಾಸ್‌ನ ಮುಂದೆ ತಳ್ಳಿದ. "ನಂಬರು ನಾನು ಹೇಳುತ್ತೇನೆ. ನೀನು ಮಾತಾಡು."

ಗಯಾಸ್ ನಂಬರು ಒತ್ತಿದ. ಆ ಕಡೆ ಗಂಟೆ ನಾಲ್ಕು ಸಲ ಬಡಿದು, ಯಾರೋ ಎತ್ತಿ, ಯಾರು ಎಂದು ಕೇಳಿದರು. ಗಯಾಸ್ ತನ್ನ ಹೆಸರು ಹೇಳಿದ.